ಗಂಜಿ ಕುಡಿದ ಖಾಲಿ ಹೊಟ್ಟೆ

ರೇಡಿಯಾಲಜಿಗೆ ಹೊಸದಾಗಿ ಸೇರುವ ಮಕ್ಕಳು ನನ್ನ ಹತ್ತಿರ ಬಂದು, "ಮೇಡಂ, ನಮಗೆ ಏನಾದರೂ ಕಿವಿಮಾತು ಹೇಳಿ" ಎಂದು ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ತಾಳ್ಮೆ, ಸೇವೆ, ನಿರಂತರ ಅಧ್ಯಯನ ಮುಂತಾದ ದೊಡ್ಡ ಮಾತುಗಳು. ಅವನ್ನೆಲ್ಲ ನನ್ನ ನಿವೃತ್ತಿಯ ದಿನ ಶಾಲು ಹೊದೆಸಿದವರು ಹೇಳಿ ಮುಗಿಸಿದ್ದಾರೆ. ನನ್ನ ಬಳಿ ಉಳಿದಿರುವುದು ಒಂದೇ ಮಾತು. ಮಂಗಳೂರಿನಲ್ಲಿ "ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎನ್ನುವ ರೋಗಿಯನ್ನು ನಂಬಬೇಡಿ.

ಅವರು ಸುಳ್ಳು ಹೇಳುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ನಮ್ಮ ಕಡೆ ಊಟ ಎಂದರೆ ಅನ್ನ, ಸಾರು, ಒಂದು ತುಂಡು ಮೀನು. ತಿಂಡಿ ಎಂದರೆ ದೋಸೆ, ಕಡುಬು. ಗಂಜಿ ಇವೆರಡಕ್ಕೂ ಸೇರಿದ್ದಲ್ಲ. ಹಾಗಾದರೆ ಗಂಜಿ ಯಾವುದಕ್ಕೆ ಸೇರಿದ್ದು ಎಂದು ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಸ್ಕ್ಯಾನಿಂಗ್ ಮಾಡಲು ಹೊಟ್ಟೆಯ ಮೇಲೆ ಪ್ರೋಬ್ ಇಟ್ಟಾಗ ನಡೆಯುತ್ತಿದ್ದ ಸಂಭಾಷಣೆ ಯಾವಾಗಲೂ ಒಂದೇ.

"ಬೆಳಿಗ್ಗೆ ಎಂತ ತಗೊಂಡ್ರಿ?"

"ಎಂತದೂ ಇಲ್ಲ ಮೇಡಂ. ಖಾಲಿ ಹೊಟ್ಟೆ."

"ಹೊಟ್ಟೆಯಲ್ಲಿ ಅನ್ನದ ಅಗುಳು ಕಾಣ್ತಾ ಉಂಟಲ್ಲ?"

"ಓ, ಅದು ಗಂಜಿಯದ್ದು."

ನಾವು ಬಾಗಿಲಿಗೆ "ಏನೂ ತಿನ್ನದೆ ಬರಬೇಕು" ಎಂಬ ಫಲಕ ಹಾಕಿದೆವು. ಅದರ ಕೆಳಗೆ "ಗಂಜಿಯನ್ನು ಸಹ" ಎಂದು ಸೇರಿಸಿದೆವು. ಮರುದಿನ ಒಬ್ಬರು ಚಹಾದಲ್ಲಿ ರಸ್ಕ್ ಅದ್ದಿ ತಿಂದು ಬಂದರು. ಅದನ್ನೂ ಬರೆಸಿದೆವು. ಆಮೇಲೆ ಬಾಳೆಹಣ್ಣು, ಆಮೇಲೆ ಎಳನೀರಿನ ಗಂಜಿ, ಆಮೇಲೆ "ಮಾತ್ರೆ ನುಂಗಲಿಕ್ಕೆ ಎರಡೇ ಎರಡು ಇಡ್ಲಿ". ಫಲಕ ಬೆಳೆದು ಬೆಳೆದು ಹೋಟೆಲಿನ ತಿಂಡಿಪಟ್ಟಿಯ ಹಾಗೆ ಆಯಿತು. ಅದನ್ನು ಓದಿ ಹಸಿವಾಯಿತೆಂದು ಕ್ಯಾಂಟೀನಿಗೆ ಹೋದವರೂ ಇದ್ದಾರೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದವರು ಶೆಣೈ ಸರ್. ಅವರೂ ಕೊಂಕಣಿಯವರು, ನಾನೂ ಕೊಂಕಣಿಯವಳು. ಆದರೆ ಅವರದ್ದು ದೇವಸ್ಥಾನದ ಕೊಂಕಣಿ, ನನ್ನದು ಇಗರ್ಜಿಯ, ಅಂದರೆ ಚರ್ಚಿನ ಕೊಂಕಣಿ. ನನ್ನ ಕೊಂಕಣಿ ಕೇಳಿದರೆ ಅವರಿಗೆ ಹಲ್ಲುನೋವು ಬಂದ ಹಾಗೆ ಆಗುತ್ತಿತ್ತು. ಹಾಗಾಗಿ ನಮ್ಮ ಜಗಳಗಳೆಲ್ಲ ಕನ್ನಡದಲ್ಲೇ ನಡೆದವು.

ರೇಡಿಯಾಲಜಿಯವರು ರೋಗಿಯ ಮುಖ ನೋಡಬಾರದು ಎನ್ನುವುದು ಅವರ ಸಿದ್ಧಾಂತ. ಮುಖ ನೋಡಿದರೆ ಕರುಣೆ ಬರುತ್ತದೆ, ಕರುಣೆ ಬಂದರೆ ಕಣ್ಣು ಮಂಜಾಗುತ್ತದೆ, ಮಂಜಾದ ಕಣ್ಣಿಗೆ ಎಲ್ಲ ಫಿಲಂನಲ್ಲೂ ಟಿಬಿ ಕಾಣುತ್ತದೆ ಎನ್ನುತ್ತಿದ್ದರು. ಕಾರಿಡಾರಿನಲ್ಲಿ ಯಾರಾದರೂ ರೋಗಿ ನಮಸ್ಕಾರ ಮಾಡಿದರೆ ಮೆಟ್ಟಿಲು ಇಳಿದು ತಪ್ಪಿಸಿಕೊಳ್ಳುತ್ತಿದ್ದರು. ಒಮ್ಮೆ ಒಂದು ಮದುವೆಯಲ್ಲಿ ಒಬ್ಬ ಹಿರಿಯರು ಬಂದು ತಮ್ಮ ಹೆಸರು, ಮನೆ, ತಂದೆಯ ಹೆಸರು ಎಲ್ಲ ಹೇಳಿದರೂ ಸರ್‌ಗೆ ಗುರುತು ಹತ್ತಲಿಲ್ಲ. ಕೊನೆಗೆ ಅವರು ಬೇಸತ್ತು ತಮ್ಮ ಮೂತ್ರಪಿಂಡದ ವಿಷಯ ಎತ್ತಿದರು. "ಓ, ಎಡಗಡೆಯ ಜಿಂಕೆಕೊಂಬಿನಂಥ ಕಲ್ಲು" ಎಂದು ಸರ್ ಅವರ ಎರಡೂ ಕೈ ಹಿಡಿದುಕೊಂಡರು. ಅಷ್ಟು ಪ್ರೀತಿಯಿಂದ ಅವರು ನಮ್ಮನ್ನು ಯಾರನ್ನೂ ಮಾತಾಡಿಸಿದ್ದಿಲ್ಲ.

ಕರುಳಿನ ವಿಷಯಕ್ಕೆ ಬಂದರೆ ಸರ್ ಪೂರ್ತಿ ನಾಸ್ತಿಕರು. "ಕರುಳು ಅಂದ್ರೆ ಗಾಳಿ ಮಾರಾಯ್ತಿ. ಗಾಳಿಯನ್ನು ನಂಬಿ ಯಾರಾದರೂ ಸಹಿ ಹಾಕ್ತಾರಾ?" ಎನ್ನುತ್ತಿದ್ದರು. ಆ ಕಾಲಕ್ಕೆ ಅದು ತಪ್ಪೂ ಆಗಿರಲಿಲ್ಲ. ಕತ್ತಲೆ ಕೋಣೆಯಲ್ಲಿ ತೊಳೆದ ಫಿಲಂ ಕ್ಲಿಪ್ಪಿನಲ್ಲಿ ನೇತಾಡುತ್ತಿತ್ತು, ಫ್ಯಾನಿನ ಗಾಳಿಗೆ ಒಣಗುವ ಮೊದಲೇ ಸರ್ಜನ್ ಬಂದು ಒದ್ದೆಯಾಗಿಯೇ ಎತ್ತಿಕೊಂಡು ಹೋಗುತ್ತಿದ್ದರು. ಅದರಲ್ಲಿ ಮೂಳೆ ಕಾಣುತ್ತಿತ್ತು, ಗಾಳಿ ಕಾಣುತ್ತಿತ್ತು, ಸರ್ಜನ್‌ನ ಹೆಬ್ಬೆರಳಿನ ಗುರುತೂ ಕಾಣುತ್ತಿತ್ತು. ಕರುಳಿಗೆ ರಕ್ತ ಹೋಗುತ್ತಿದೆಯೋ ಇಲ್ಲವೋ ಎಂಬುದು ಮಾತ್ರ ಕಾಣುತ್ತಿರಲಿಲ್ಲ.

ಅದು ಕಾಣದ್ದರಿಂದ ಏನಾಗುತ್ತದೆ ಎಂದು ನನಗೆ ತಿಳಿದದ್ದು ಸೇರಿದ ಹೊಸತರಲ್ಲೇ. ಕೊಟ್ಟಾರದ ಕಡೆಯ ಒಬ್ಬರು ಟೀಚರ್‌ ಬಂದಿದ್ದರು. ಹೊಟ್ಟೆನೋವಿಗೆ ಮಂಚದ ಸರಳು ಹಿಡಿದು ಒದ್ದಾಡುತ್ತಿದ್ದರು. ಆದರೆ ಹೊಟ್ಟೆ ಮುಟ್ಟಿದರೆ ಹತ್ತಿಯಷ್ಟು ಮೆತ್ತಗೆ. ಎಕ್ಸ್-ರೇ ಸರಿಯಾಗಿಯೇ ಇತ್ತು. ಗ್ಯಾಸ್ ಇರಬೇಕು, ಹೆದರಿಕೆ ಇರಬೇಕು ಎಂದು ಎಲ್ಲರೂ ಹೇಳಿದರು. ಅವರ ಎದೆಬಡಿತ ತಾಳ ತಪ್ಪಿತ್ತು. ಹೃದಯದಲ್ಲಿ ಕಟ್ಟಿದ ಒಂದು ರಕ್ತದ ಗಡ್ಡೆ ಹೋಗಿ ಕರುಳಿನ ದೊಡ್ಡ ರಕ್ತನಾಳಕ್ಕೆ ಬೂಚು ಹಾಕಿದ ಹಾಗೆ ಕೂತಿತ್ತು. ಮರುದಿನ ಹೊಟ್ಟೆ ತೆರೆದಾಗ ಕರುಳು ಕಪ್ಪಾಗಿತ್ತು. ಅವರು ಉಳಿಯಲಿಲ್ಲ. ನನಗೆ ಆ ದಿನ ತುಂಬ ಅಳು ಬಂದಿತ್ತು. ಹೊಟ್ಟೆ ಮೆತ್ತಗಿದ್ದು ನೋವು ಮಾತ್ರ ಜೋರಾಗಿದ್ದರೆ ರಕ್ತನಾಳವನ್ನು ನೆನೆಸಿಕೊಳ್ಳಿ, ಮಕ್ಕಳೇ. ಪುಸ್ತಕದಲ್ಲಿ ಇದು ಅರ್ಧ ಸಾಲು. ಅದನ್ನು ನಾನು ಕಲಿತದ್ದು ಅವರಿಂದ.

ಇಷ್ಟು ಹೇಳಿ ಹೊಸ ಸಿಟಿ ಯಂತ್ರ ಬಂದ ಕಥೆಗೆ ಹೋಗುತ್ತೇನೆ, ಇಲ್ಲದಿದ್ದರೆ ಮನಸ್ಸು ಅಲ್ಲೇ ಕೂತುಬಿಡುತ್ತದೆ. ಹಳೆಯ ಸಿಟಿ ಒಂದು ಹೊಟ್ಟೆ ನೋಡಿ ಮುಗಿಸುವಷ್ಟರಲ್ಲಿ ರೋಗಿ ಒಂದು ಸಣ್ಣ ನಿದ್ದೆ ಮಾಡಿ ಏಳಬಹುದಿತ್ತು. ಹೊಸದು ಒಂದು ಉಸಿರು ಕಟ್ಟುವಷ್ಟರಲ್ಲಿ ಮುಗಿಸುತ್ತದೆ ಎಂದು ಕಂಪನಿಯವರು ಹೇಳಿದ್ದರು. ಅದು ಬರಬೇಕಾದ ದಿನ ನಾನು ಬಸ್ಸಿನಲ್ಲಿ ನಂತೂರಿನ ಹತ್ತಿರ ಸಿಕ್ಕಿಹಾಕಿಕೊಂಡೆ. ವೃತ್ತದ ಮಧ್ಯೆ ಉದ್ದನೆಯ ಒಂದು ಟ್ರೇಲರ್ ತಿರುಗಲಾಗದೆ ಅಡ್ಡ ನಿಂತಿತ್ತು. ಬಸ್ಸಿನವರೆಲ್ಲ ಅದಕ್ಕೆ ಹಿಡಿಶಾಪ ಹಾಕಿದರು, ನಾನೂ ನನ್ನ ಪಾಲಿನದ್ದನ್ನು ಹಾಕಿದೆ. ಆಸ್ಪತ್ರೆಗೆ ಬಂದು, "ತಡವಾಯಿತು, ಯಾವನೋ ಮೂರ್ಖ ಟ್ರೇಲರ್ ಅಡ್ಡ ಹಾಕಿದ್ದಾನೆ" ಎಂದರೆ ಶೆಣೈ ಸರ್ ತಣ್ಣಗೆ, "ಅದರೊಳಗೆ ಇರುವುದು ನಿನ್ನ ಹೊಸ ಮೆಷಿನ್" ಎಂದರು.

ಉದ್ಘಾಟನೆಯ ದಿನ ಭಟ್ಟರು ಬಂದು ಪೂಜೆ ಮಾಡಿದರು, ಫಾದರ್ ಬಂದು ಆಶೀರ್ವಾದ ಮಾಡಿದರು. ಫಾದರ್ ಪವಿತ್ರ ಜಲ ಚಿಮುಕಿಸುವಾಗ ಕಂಪನಿಯ ಇಂಜಿನಿಯರ್ ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ಗೋಲ್‌ಕೀಪರ್ ಹಾಗೆ ಆ ಕಡೆ ಈ ಕಡೆ ಹಾರುತ್ತಿದ್ದ. ಎಲ್ಲ ಸುಸೂತ್ರವಾಗಿ ಮುಗಿದು ಅವನು ಚಹಾಕ್ಕೆ ಹೋದ. ಆಗ ನಮ್ಮ ಟೆಕ್ನಿಷಿಯನ್ ವಲೇರಿಯನ್‌ಗೆ ಒಂದು ಕೊರತೆ ಕಾಣಿಸಿತು. ಹೊಸ ಗಾಡಿ ತಂದರೆ ಚಕ್ರದ ಕೆಳಗೆ ಲಿಂಬೆಹಣ್ಣು ಇಡಬೇಕು. ಈ ಗಾಡಿಗೆ ಚಕ್ರ ಇಲ್ಲ, ಆದರೆ ಮುಂದೆ ಹಿಂದೆ ಹೋಗುವ ಟೇಬಲ್ ಉಂಟು. ಅವನು ಟೇಬಲ್ ಜಾರುವ ಹಳಿಯಲ್ಲಿ ಒಂದು ಲಿಂಬೆಹಣ್ಣು ಇಟ್ಟು ಗುಂಡಿ ಒತ್ತಿದ.

ಟೇಬಲ್ ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಕೆಂಪಕ್ಷರ ಬಂತು. ಇಂಜಿನಿಯರ್ ಬಂದು ಸ್ಕ್ರೂ ಬಿಚ್ಚಿ ನೋಡಿ, ತನ್ನ ಕಂಪನಿಗೆ "ಒಳಗೆ ದ್ರವ ಪದಾರ್ಥ ಸೇರಿದೆ, ಮೂಲ ತಿಳಿದಿಲ್ಲ" ಎಂದು ವರದಿ ಕಳಿಸಿದ. ಕೋಣೆಯೆಲ್ಲ ಘಮಘಮ ಲಿಂಬೆಯ ವಾಸನೆ ಬರುತ್ತಿದ್ದರೂ ಪಾಪ ಅವನು ಹಾಗೆಯೇ ಬರೆದ. ನಾನು ವಲೇರಿಯನ್‌ನನ್ನು ಮೂಲೆಗೆ ಕರೆದು, ನೀನು ಪ್ರತಿ ಭಾನುವಾರ ಇಗರ್ಜಿಗೆ ಹೋಗುವವ, ನಿನಗೆ ಯಾಕಪ್ಪ ಲಿಂಬೆಹಣ್ಣು ಎಂದು ಬೈದೆ.

"ನಾನು ಹೋಗುವುದು ಸರಿ ಮೇಡಂ, ಮೆಷಿನ್ ಎಲ್ಲಿಗೆ ಹೋಗ್ತದೆ ಅಂತ ಯಾರಿಗೆ ಗೊತ್ತುಂಟು?" ಎಂದ.

ವಲೇರಿಯನ್ ಒಳ್ಳೆಯ ಕೆಲಸಗಾರ. ಅವನ ಇನ್ನೊಂದು ಕೊಡುಗೆ ಪುನರ್ಪುಳಿ, ಅಂದರೆ ಕೋಕಂ ಹಣ್ಣು. ಆಗ ಹೊಟ್ಟೆಯ ಸಿಟಿಗೆ ಬಂದವರೆಲ್ಲ ಮೊದಲು ಒಂದು ಬಾಟಲಿ ಔಷಧದ ನೀರು ಕುಡಿಯಬೇಕಿತ್ತು. ಅದು ಕರುಳಿನೊಳಗೆ ತುಂಬಿ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಕರುಳು ಎಲ್ಲಿದೆ ಎಂದು ನಮಗೆ ಗೊತ್ತಾಗುತ್ತದೆ. ಆದರೆ ರುಚಿ ದೇವರಿಗೇ ಪ್ರೀತಿ. ವಲೇರಿಯನ್ ಅದಕ್ಕೆ ಮನೆಯಿಂದ ತಂದ ಪುನರ್ಪುಳಿ ಶರಬತ್ತು ಬೆರೆಸಲು ಶುರು ಮಾಡಿದ. ನಮ್ಮ ವಿಭಾಗದ ಶರಬತ್ತು ಎಷ್ಟು ಪ್ರಸಿದ್ಧವಾಯಿತೆಂದರೆ, ರೋಗಿಯ ಜೊತೆಗೆ ಬಂದವರೂ "ನಮಗೂ ಅರ್ಧ ಗ್ಲಾಸ್ ಉಂಟಾ" ಎಂದು ಕೇಳುತ್ತಿದ್ದರು.

ವಾಮನ ಕರ್ಕೇರ ಎಂಬವರು ನಮ್ಮಲ್ಲಿಗೆ ಬಂದದ್ದು ಈ ಶರಬತ್ತಿನ ವೈಭವದ ಕಾಲದಲ್ಲಿ. ಮೀನುಗಾರಿಕೆಯ ಮನೆತನ. ಬಂದರಿನ ದಕ್ಕೆಯಲ್ಲಿ ಬೋಟಿನಿಂದ ಇಳಿದ ಮೀನನ್ನು ಹರಾಜಿಗೆ ಹಾಕಿ ಏಲಂ ಕೂಗುವ ಕೆಲಸ ಮಾಡಿ ಮಾಡಿ ಗಟ್ಟಿಯಾದ ಗಂಟಲು. ಗಂಟಲು ಬಿಟ್ಟರೆ ಬೇರೇನೂ ಗಟ್ಟಿ ಉಳಿದಿರಲಿಲ್ಲ. ಅಂಗಿ ಕೋಲಿಗೆ ತೊಡಿಸಿದ ಹಾಗೆ ಜೋತಾಡುತ್ತಿತ್ತು. ಮೆಡಿಸಿನ್ ವಿಭಾಗದ ಡಾಕ್ಟರ್ ಆಳ್ವ ಕಳಿಸಿದ ಚೀಟಿಯಲ್ಲಿ, "ಹೊಟ್ಟೆನೋವು, ತೂಕ ಇಳಿದಿದೆ, ಕ್ಯಾನ್ಸರ್ ಇದೆಯೇ ನೋಡಿ" ಎಂದಿತ್ತು.

ಸ್ವಲ್ಪ ಹೊತ್ತಿಗೆ ವಲೇರಿಯನ್ ಸಿಟ್ಟಿನಿಂದ ಒಳಗೆ ಬಂದ. "ಮೇಡಂ, ಆ ಮನುಷ್ಯ ಶರಬತ್ತು ಕುಡಿಯುವುದಿಲ್ಲ ಅಂತಾನೆ." ಅವನ ಮುಖ ನೋಡಿದರೆ ರೋಗಿಯೇ ತೀರಿಹೋದ ಹಾಗಿತ್ತು. ಅವನ ಶರಬತ್ತನ್ನು ಬೇಡ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ನಾನು ಹೊರಗೆ ಹೋದೆ. ಕರ್ಕೇರರ ಹೆಂಡತಿ ಸುಮತಿಯಕ್ಕ ಬಾಟಲಿ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡದ್ದೇ ಒಂದು ವರ್ಷದಿಂದ ಕಟ್ಟಿಟ್ಟ ದೂರನ್ನೆಲ್ಲ ಬಿಚ್ಚಿದರು.

"ನೋಡಿ ಡಾಕ್ಟ್ರೇ, ಮನೆಯಲ್ಲೂ ಇದೇ. ಅಂಜಲ್ ಮೀನು ಫ್ರೈ ಮಾಡಿದ್ರೂ ಬೇಡ, ಕೋಳಿ ಸುಕ್ಕ ಮಾಡಿದ್ರೂ ಬೇಡ. ನಾಲ್ಕು ತುತ್ತು ತಿಂತಾರೆ, ಹೊಟ್ಟೆ ಹಿಡ್ಕೊಂಡು ಅಂಗಳದಲ್ಲಿ ಆಚೆ ಈಚೆ ತಿರುಗ್ತಾರೆ. ಮಗಳ ನಿಶ್ಚಿತಾರ್ಥದ ದಿನ ಹುಡುಗನ ಮನೆಯವರು ಅಷ್ಟು ಪ್ರೀತಿಯಿಂದ ಬಡಿಸಿದ್ರು, ಇವರು ಎಲೆ ಮಡಚಿ ಎದ್ದುಬಿಟ್ಟರು. ಸಂಬಂಧವೇ ಬೇಡ ಅಂತ ಅವರು ಹೇಳ್ಲಿಲ್ಲ, ಅದು ನಮ್ಮ ಪುಣ್ಯ. ಎಂಡೋಸ್ಕೋಪಿ ಎರಡು ಸಲ ಆಯ್ತು, ಬೇರೆ ಕಡೆ ಸ್ಕ್ಯಾನ್ ಆಯ್ತು, ಎಂತದೂ ಇಲ್ಲ. ಇವತ್ತು ಇದರಲ್ಲೂ ಎಂತ ಇಲ್ಲದಿದ್ರೆ ನಾಳೆ ತಲೆಯ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗುವುದು ಅಂತ ಆಗಿದೆ."

ಕರ್ಕೇರರು ತಲೆ ಎತ್ತಲಿಲ್ಲ. ಏಲಂ ಕೂಗಿ ದಕ್ಕೆಯನ್ನೇ ಎಬ್ಬಿಸುವ ಮನುಷ್ಯ ನೆಲ ನೋಡುತ್ತಾ ಕುಳಿತಿದ್ದರು. ತನಗೆ ನಿಜವಾಗಿ ನೋವಾಗುತ್ತದೆ ಎಂದು ಹೇಳಿ ಹೇಳಿ, ಯಾರೂ ನಂಬದೆ, ಹೇಳುವುದನ್ನೇ ಬಿಟ್ಟವರ ಹಾಗೆ ಕಂಡರು. ಅವರನ್ನು ಕಂಡು ನನಗೆ ಪಾಪ ಅನಿಸಿತು. ಶೆಣೈ ಸರ್ ಹೇಳಿದ ಕರುಣೆಯ ಮಂಜು ಇದೇ ಇರಬೇಕು ಎಂದುಕೊಂಡೆ.

"ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ಅಲ್ವಾ?" ಎಂದೆ.

"ಇಲ್ಲ ಇಲ್ಲ, ಎಂತದೂ ಕೊಡ್ಲಿಲ್ಲ ನಾನು. ಈಗ ಬರುವಾಗ ಬಸ್ಸಿನಿಂದ ಇಳಿದು, ತಲೆ ತಿರುಗಬಾರದು ಅಂತ ಫ್ಲಾಸ್ಕಿನಲ್ಲಿದ್ದ ಗಂಜಿ ಒಂದು ಲೋಟ ಕುಡಿಸಿದೆ, ಅಷ್ಟೇ. ಬೇಡ ಅಂದ್ರು, ನಾನೇ ಒತ್ತಾಯ ಮಾಡಿದ್ದು."

ವಲೇರಿಯನ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ನಾನು ಫಲಕದ ಕಡೆ ಬೆರಳು ತೋರಿಸಿ, ಇಷ್ಟು ದೊಡ್ಡದಾಗಿ ಬರೆದದ್ದು ಯಾರಿಗೆ, ನಾಳೆ ಬನ್ನಿ ಎಂದು ಶುರು ಮಾಡಿದೆ. ಬೈಯುವುದರಲ್ಲಿ ನನಗೆ ಒಳ್ಳೆಯ ಹಿಡಿತ ಇದೆ, ದಿನವಿಡೀ ಯಂತ್ರದ ಸದ್ದು ಕೇಳುವ ಬೈಕಂಪಾಡಿಯ ಕಾರ್ಖಾನೆಯವರೇ ನನ್ನ ದನಿ ಕೇಳಿ ಹೆದರಿದ್ದಾರೆ. ಆದರೆ ಆವತ್ತು ಬೈಗುಳ ಅರ್ಧಕ್ಕೇ ನಿಂತಿತು. ಕರ್ಕೇರರ ಮುಖ ನನ್ನ ಕಣ್ಣೆದುರೇ ಬದಲಾಗುತ್ತಿತ್ತು. ಹಣೆಯಲ್ಲಿ ಬೆವರು. ಕೈ ನಿಧಾನವಾಗಿ ಹೊಕ್ಕುಳಿನ ಕಡೆ ಹೋಯಿತು. ಅವರು ಬೆಂಚಿನಿಂದ ಎದ್ದು, ಬಾಗಿಕೊಂಡು, ಕಾರಿಡಾರಿನಲ್ಲಿ ಆಚೆ ಈಚೆ ನಡೆಯತೊಡಗಿದರು.

"ಶುರುವಾಯ್ತು ನೋಡಿ ನಾಟಕ" ಎಂದರು ಸುಮತಿಯಕ್ಕ. ಆದರೆ ಅವರ ಕಣ್ಣು ಒದ್ದೆಯಾಗಿತ್ತು.

ನಾನು ಕರ್ಕೇರರನ್ನು ಪಕ್ಕದ ಮಂಚದ ಮೇಲೆ ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದೆ. ಮೆತ್ತಗಿತ್ತು. ಎಲ್ಲಿ ಒತ್ತಿದರೂ ಅವರು ಬೆಚ್ಚಲಿಲ್ಲ, ಆದರೆ ನೋವಿಗೆ ಹಲ್ಲು ಕಚ್ಚುತ್ತಿದ್ದರು. ನನಗೆ ಕೊಟ್ಟಾರದ ಟೀಚರ್ ನೆನಪಾದರು.

"ಯಾವಾಗಲೂ ತಿಂದ ಮೇಲೆಯೇ ಬರುವುದಾ?" ಎಂದು ಕೇಳಿದೆ.

"ಹೌದು. ತಿನ್ನದಿದ್ರೆ ಎಂತದೂ ಇಲ್ಲ. ಹಸಿವು ಉಂಟು ಡಾಕ್ಟ್ರೇ. ತುಂಬ ಉಂಟು. ಅವಳು ಮೀನು ಹುರಿಯುವಾಗ ಬಾಯಲ್ಲಿ ನೀರು ಬರ್ತದೆ. ತಟ್ಟೆ ಎದುರು ಬಂದ ಕೂಡಲೇ ಹೆದರಿಕೆ."

"ಬೀಡಿ?"

"ಅದು ಸಣ್ಣದಿರುವಾಗಿಂದ ಉಂಟು."

ಹೃದಯಕ್ಕೆ ರಕ್ತ ಕಡಿಮೆಯಾದವರಿಗೆ ಮೆಟ್ಟಿಲು ಹತ್ತುವಾಗ ಎದೆ ನೋಯುತ್ತದೆ. ಕರುಳಿಗೆ ಮೆಟ್ಟಿಲು ಎಂದರೆ ಊಟ. ಊಟ ಇಳಿದಾಗ ಕರುಳಿಗೆ ಹೆಚ್ಚು ರಕ್ತ ಬೇಕು, ಬೀಡಿಯಿಂದಲೋ ವಯಸ್ಸಿನಿಂದಲೋ ನಾಳ ಕಿರಿದಾಗಿದ್ದರೆ ಅದು ಸಿಗುವುದಿಲ್ಲ, ಆಗ ಈ ನೋವು. ಇದು ಎಷ್ಟೋ ಸಲ ಪಾಠ ಮಾಡಿದ ವಿಷಯ. ಆದರೆ ನಾವು ಎಲ್ಲರನ್ನೂ ಉಪವಾಸ ಬರಹೇಳುತ್ತೇವೆ. ಉಪವಾಸ ಇದ್ದಾಗ ಈ ರೋಗಿ ಸುಖವಾಗಿರುತ್ತಾನೆ. ಆಸ್ಪತ್ರೆ ಹೇಳಿದ ಹಾಗೆ ಕೇಳಿದ್ದರೆ ಕರ್ಕೇರರು ನಗುನಗುತ್ತಾ ಟೇಬಲ್ ಹತ್ತಿ ಇಳಿದು, ತಲೆಯ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಸುಮತಿಯಕ್ಕನ ಆ ಒಂದು ಲೋಟ ಗಂಜಿ ಅವರ ನೋವನ್ನು ನನ್ನ ಬಾಗಿಲಿಗೆ ತಂದು ನಿಲ್ಲಿಸಿತ್ತು.

"ವಲೇರಿಯನ್, ಶರಬತ್ತು ಬೇಡ. ಬರೀ ನೀರು ಸಾಕು. ಮೊದಲು ರಕ್ತನಾಳದ ಚಿತ್ರ ತೆಗೆಯೋಣ" ಎಂದೆ.

ಅವನಿಗೆ ಆದ ಅವಮಾನ ಹೇಳತೀರದು. ಆದರೆ ಕಾರಣ ಇತ್ತು. ಕೈಯ ನರಕ್ಕೆ ಚುಚ್ಚಿದ ಔಷಧ ಮೊದಲು ಅಪಧಮನಿಗಳನ್ನು, ಅಂದರೆ ಹೃದಯದಿಂದ ಹೊರಡುವ ರಕ್ತನಾಳಗಳನ್ನು ಬೆಳಗಿಸುತ್ತದೆ. ಆ ಕ್ಷಣಕ್ಕೆ ಚಿತ್ರ ಹಿಡಿಯಬೇಕು. ನಾವೆಲ್ಲ ಆಗ ಅಭ್ಯಾಸಬಲದಿಂದ ಅದು ದಾಟಿದ ಮೇಲೆ ಹಿಡಿಯುತ್ತಿದ್ದೆವು. ಸಾಲದ್ದಕ್ಕೆ ಕರುಳಿನ ತುಂಬ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಶರಬತ್ತು. ಸುಣ್ಣ ಬಳಿದ ಗೋಡೆಯ ಮೇಲೆ ಬಿಳಿ ಗೆರೆ ಹುಡುಕಿದ ಹಾಗೆ. ಬೇರೆ ಕಡೆ ತೆಗೆದ ಸ್ಕ್ಯಾನಿನಲ್ಲಿ ಏನೂ ಕಾಣದೆ ಹೋದದ್ದು ಹೀಗೆಯೇ.

"ಸರ್ ಒಪ್ಪುವುದಿಲ್ಲ" ಎಂದ ವಲೇರಿಯನ್. ಒಪ್ಪಲಿಲ್ಲ ಕೂಡ.

"ಚೀಟಿಯಲ್ಲಿ ರಕ್ತನಾಳ ಅಂತ ಬರೆದದ್ದು ಯಾರು?" ಎಂದು ಕೇಳಿದರು ಶೆಣೈ ಸರ್.

"ಯಾರೂ ಬರೆದಿಲ್ಲ ಸರ್. ನಾನು ರೋಗಿಯನ್ನು ನೋಡಿದೆ."

"ನೋಡಿದೆಯಾ?" ಅವರು ನಾನು ಯಾರದೋ ಕಿಸೆಗೆ ಕೈ ಹಾಕಿದೆ ಎನ್ನುವ ಹಾಗೆ ನನ್ನನ್ನು ದಿಟ್ಟಿಸಿದರು. "ಮುಖ ನೋಡಿದೆಯಾ?"

"ಮುಖ ನೋಡಿದೆ, ಹೊಟ್ಟೆ ಮುಟ್ಟಿದೆ, ಮಾತೂ ಆಡಿದೆ."

"ಇನ್ನು ಎಂತ ಉಳಿದಿದೆ? ಕರ್ಕೊಂಡು ಹೋಗಿ ಮೀನೂಟ ಹಾಕಿಸು." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಿನ್ನ ಹಟ, ನಿನ್ನ ಸಹಿ. ನನ್ನನ್ನು ಕೇಳಬೇಡ."

ಅವರ ಬಾಯಲ್ಲಿ ಅದು ಒಪ್ಪಿಗೆ. ಗಂಜಿ ಇಳಿಯಲೆಂದು ಮಧ್ಯಾಹ್ನದವರೆಗೆ ಕಾಯಿಸಿ ಕರ್ಕೇರರನ್ನು ಟೇಬಲ್ ಹತ್ತಿಸಿದೆವು. ಉಸಿರು ಕಟ್ಟಿ ಎಂದೆವು, ಕಟ್ಟಿದರು, ಮುಗಿಯಿತು. ಅಡ್ಡ ಕೊಯ್ದ ಚಿತ್ರಗಳಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಏನೂ ಇರಲಿಲ್ಲ. ಕರುಳಿಗೆ ಹೋಗುವ ನಾಳಗಳು ಮಹಾಧಮನಿಯ ಎದುರುಭಾಗದಿಂದ ಕವಲೊಡೆಯುತ್ತವೆ. ಅವುಗಳ ಬುಡ ನೋಡಬೇಕಾದರೆ ದೇಹವನ್ನು ಪಕ್ಕದಿಂದ ಕೊಯ್ದ ಹಾಗೆ ಚಿತ್ರವನ್ನು ತಿರುಗಿಸಬೇಕು. ಈಗ ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಿಸುತ್ತೀರಿ, ಬಣ್ಣವನ್ನೂ ಹಚ್ಚುತ್ತೀರಿ. ನಮಗೆ ಅದು ಹೊಸತು. ಶೆಣೈ ಸರ್ ಅದನ್ನು "ಕಂಪ್ಯೂಟರ್ ಬಿಡಿಸಿದ ಚಿತ್ರಕಲೆ" ಎಂದು ಕರೆಯುತ್ತಿದ್ದರು.

ತಿರುಗಿಸಿದೆ. ಮೂರು ನಾಳಗಳಲ್ಲಿ ಮೇಲಿನದ್ದು ಬುಡದಲ್ಲೇ ಪೂರ್ತಿ ಮುಚ್ಚಿತ್ತು. ಮಧ್ಯದ್ದು, ಸಣ್ಣ ಕರುಳನ್ನೆಲ್ಲ ಸಾಕುವ ದೊಡ್ಡ ನಾಳ, ಸುಣ್ಣಗಟ್ಟಿ ನೂಲಿನಷ್ಟು ತೆರೆದಿತ್ತು. ಕರುಳು ಇನ್ನೂ ಜೀವಂತವಾಗಿತ್ತು. ಆ ನೂಲು ಎಂದು ಮುಚ್ಚಿದರೂ ಟೀಚರ್‌ಗೆ ಆದದ್ದೇ ಇವರಿಗೂ ಆಗುತ್ತಿತ್ತು.

ನನ್ನ ಬೆನ್ನ ಹಿಂದೆ ಯಾರೋ ಉಸಿರಾಡಿದ ಹಾಗಾಯಿತು. ಕೇಳಬೇಡ ಎಂದಿದ್ದ ಶೆಣೈ ಸರ್ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಕನ್ನಡಕ ಹಣೆಗೇರಿಸಿ ಪರದೆಯ ಹತ್ತಿರ ಬಗ್ಗಿದರು.

"ಈ ಮನುಷ್ಯ ಇಷ್ಟು ದಿನ ಬದುಕಿದ್ದು ಊಟ ಬಿಟ್ಟದ್ದರಿಂದ" ಎಂದರು ಕೊನೆಗೆ. ಆಮೇಲೆ ನಾನು ಕನಸಿನಲ್ಲೂ ಎಣಿಸದ ಪ್ರಶ್ನೆ ಕೇಳಿದರು. "ಎಲ್ಲಿದ್ದಾರೆ ಅವರು?"

ನಮ್ಮ ವಿಭಾಗದ ಇತಿಹಾಸದಲ್ಲಿ ಮೊದಲ ಬಾರಿಗೆ ಸರ್ ಕಾರಿಡಾರಿಗೆ ಹೋಗಿ ಒಬ್ಬ ರೋಗಿಯ ಎದುರು ನಿಂತರು. ನಿಂತ ಮೇಲೆ ಏನು ಮಾತಾಡಬೇಕೆಂದು ಗೊತ್ತಾಗಲಿಲ್ಲ. ಗಂಟಲು ಸರಿಮಾಡಿಕೊಂಡು, "ನೀವು ಹೇಳಿದ್ದು ಸರಿ" ಎಂದಷ್ಟೇ ಹೇಳಿ, ಅಭ್ಯಾಸದಂತೆ ಮೆಟ್ಟಿಲು ಇಳಿದು ಹೋಗಿಬಿಟ್ಟರು. ಕರ್ಕೇರರು ಗೋಡೆಗೆ ಒರಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅವರಿಗೆ ಆ ಮಾತು ಔಷಧಿಗಿಂತ ಮೊದಲು ಬೇಕಾಗಿತ್ತು.

ಸುಮತಿಯಕ್ಕನಿಗೆ ನಾನು ಪರದೆಯ ಮೇಲೆ ಆ ನೂಲು ತೋರಿಸಿ ವಿವರಿಸಿದೆ.

"ಅಂದ್ರೆ ನಾನು ಒತ್ತಾಯ ಮಾಡಿ ಮಾಡಿ ಬಡಿಸಿದ್ದೆಲ್ಲ ಇವರಿಗೆ ನೋವು ಬಡಿಸಿದ್ದಾ, ಡಾಕ್ಟ್ರೇ?"

"ಇವತ್ತು ನೀವು ಒತ್ತಾಯ ಮಾಡದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ" ಎಂದೆ. ಅದು ಸಮಾಧಾನದ ಮಾತಲ್ಲ, ಪೂರ್ತಿ ನಿಜ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ತೊಡೆಯ ಸಂದಿನ ರಕ್ತನಾಳದಿಂದ ತಂತಿ ಹಾಕಿ, ಆ ಕಿರಿದಾದ ಜಾಗದಲ್ಲಿ ಸ್ಟೆಂಟ್ ಇಟ್ಟು ಅಗಲ ಮಾಡಿದರು. ಕೆಲಸ ಚೆನ್ನಾಗಿ ಆಯಿತು. ನಾಳ ತೆರೆದ ಚಿತ್ರ ನೋಡಿ ನಾನು ಫೈಲ್ ಮುಚ್ಚಿದೆ. ನಮ್ಮ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆದರೆ ಎರಡು ದಿನ ಬಿಟ್ಟು ಆಳ್ವ ಫೋನ್ ಮಾಡಿದರು.

"ನಿಮ್ಮ ಕರ್ಕೇರರ ಪೈಪ್ ಓಪನ್ ಉಂಟು, ಮನುಷ್ಯ ಊಟ ಮಾಡುವುದಿಲ್ಲ. ನೀವೇ ಬಂದು ಹೇಳಿ ಮಾರಾಯ್ರೆ. ನಾವು ಹೇಳಿದ್ರೆ ಸುಮ್ಮನೆ ನಗಾಡ್ತಾರೆ."

ನಾನು ವಾರ್ಡಿಗೆ ಹೋದೆ. ಊಟದ ಹೊತ್ತು. ಸುಮತಿಯಕ್ಕ ಮನೆಯಿಂದ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು ತಂದಿದ್ದರು. ತಟ್ಟೆ ಕರ್ಕೇರರ ಎದುರು ಇತ್ತು. ಅವರು ಅದನ್ನು ನೋಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ನಾಳ ತೆರೆದಿತ್ತು, ಹೆದರಿಕೆ ಬಿಟ್ಟಿರಲಿಲ್ಲ. ಅದಕ್ಕೆ ಹಾಕುವ ಸ್ಟೆಂಟ್ ನಮ್ಮ ಯಾವ ವಿಭಾಗದಲ್ಲೂ ಇಲ್ಲ. ಒಂದು ವರ್ಷ ಗಂಡನ ಬೆನ್ನು ಬಿದ್ದು ತಿನ್ನಿಸಿದ ಸುಮತಿಯಕ್ಕ ಈಗ ತುಟಿ ಬಿಗಿಹಿಡಿದು ನಿಂತಿದ್ದರು. ಒಂದೇ ಒಂದು ಸಲ "ತಿನ್ನಿ" ಎನ್ನಲೂ ಅವರಿಗೆ ಧೈರ್ಯ ಇರಲಿಲ್ಲ.

ನಾನು ಯಾವ ಉಪದೇಶವನ್ನೂ ಮಾಡಲಿಲ್ಲ. ಸುಮತಿಯಕ್ಕನ ಕೈ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, ಮಗಳ ಮದುವೆ ಯಾವಾಗ, ಹಾಲ್ ಎಲ್ಲಿ, ಸೀರೆ ಆಯಿತಾ ಎಂದು ಬೇಕಾದ್ದು ಬೇಡದ್ದೆಲ್ಲ ಕೇಳತೊಡಗಿದೆ. ಅವರು ಏನೇನೋ ಉತ್ತರ ಕೊಟ್ಟರು. ಇಬ್ಬರ ಕಿವಿಯೂ ಹಿಂದೆ ಇತ್ತು. ತುಂಬ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ತಟ್ಟೆ ಸರಿದ ಸದ್ದಾಯಿತು.

ಸುಮತಿಯಕ್ಕನ ಉಗುರು ನನ್ನ ಅಂಗೈಯಲ್ಲಿ ನಾಟುತ್ತಿತ್ತು.

"ಉಪ್ಪು ಕಮ್ಮಿ ಉಂಟು" ಎಂದರು ಕರ್ಕೇರರು.

ಸುಮತಿಯಕ್ಕ ತಿರುಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಲೇ, "ಬಿಪಿ ಉಂಟು, ಉಪ್ಪು ಕಮ್ಮಿ ಹಾಕಿ ಅಂತ ಡಾಕ್ಟ್ರೇ ಹೇಳಿದ್ದು. ಇನ್ನೊಂದು ತುತ್ತು ತಿಂದು ಸರಿಯಾಗಿ ನೋಡಿ" ಎಂದರು.

"ಹೌದು, ಕಮ್ಮಿಯೇ."

"ಮೀನಿನ ಜೊತೆಗೆ ತಿಂದು ನೋಡಿ."

"ಮೀನಿಗೂ ಕಮ್ಮಿ."

ಹೀಗೆ ತಕರಾರು ಮಾಡುತ್ತಲೇ ಅವರು ತಟ್ಟೆಯ ಅರ್ಧಕ್ಕೆ ಬಂದರು. ನಾವು ತಿರುಗಿ ನಿಂತೆವು. ಆಳ್ವ ಬಾಗಿಲಲ್ಲಿ ನಿಂತಿದ್ದರು, ಸಿಸ್ಟರ್ ಬಿಪಿ ಪಟ್ಟಿ ಹಿಡಿದು ನಿಂತಿದ್ದರು. ಎಲ್ಲರ ಕಣ್ಣೂ ಕರ್ಕೇರರ ಮುಖದ ಮೇಲೆ. ನೋವು ಬರಬೇಕಾದ ಹೊತ್ತು ಬಂತು. ಅವರ ಕೈ ತಟ್ಟೆಯಲ್ಲೇ ನಿಂತಿತು. ಒಳಗೆ ಯಾರಾದರೂ ಕರೆಯುತ್ತಾರೋ ಎಂದು ಕಾಯುವವರ ಹಾಗೆ ತಲೆ ಬಗ್ಗಿಸಿ ಕುಳಿತರು. ನಾನು ಚಿತ್ರ ನೋಡಿದ್ದೆ, ನನಗೆ ಗೊತ್ತಿತ್ತು, ಆದರೂ ಮನಸ್ಸಿನಲ್ಲೇ ನಿಮಿಷ ಎಣಿಸುತ್ತಿದ್ದೆ. ಆ ಹೊತ್ತು ದಾಟಿತು. ಇನ್ನೂ ಸ್ವಲ್ಪ ದಾಟಿತು. ಕರ್ಕೇರರು ನಿಧಾನವಾಗಿ ತಲೆ ಎತ್ತಿದರು.

"ಎಂತ ಎಲ್ಲರೂ ನನ್ನ ಮುಖ ನೋಡುವುದು?" ಎಂದರು, ದಕ್ಕೆಯಲ್ಲಿ ಏಲಂ ಕೂಗುವ ಅದೇ ದನಿಯಲ್ಲಿ. "ಸಾರು ಇನ್ನೂ ಉಂಟಾ?"

ಸುಮತಿಯಕ್ಕ ಪಾತ್ರೆ ಎತ್ತಿ ಬಡಿಸಿದರು. ಕಣ್ಣು ಗಂಡನ ಮುಖದ ಮೇಲೆಯೇ ಇದ್ದುದರಿಂದ ಅರ್ಧ ಸಾರು ಹಾಸಿಗೆಯ ಬಿಳಿ ಹೊದಿಕೆಯ ಮೇಲೆ ಹೋಯಿತು. ಅದಕ್ಕೆ ಸಿಸ್ಟರ್ ಜೋರಾಗಿ ಬೈದರು, ಸುಮತಿಯಕ್ಕ ಅಳುತ್ತಾ ಅಳುತ್ತಾ ಇನ್ನೊಂದು ಸೌಟು ಬಡಿಸಿದರು.